ಬೀದಿ ಬೆಕ್ಕು, ಕೆರಳುವ ನಾಯಿ: ಯಾರಿಗೂ ಪೆಟ್ಟಾಗದಂತೆ ನಿಭಾಯಿಸುವುದು ಹೇಗೆ

ಬೆಕ್ಕು ಗೋಡೆಯ ಮೇಲೆ ಬಂದು ಕೂರುತ್ತದೆ, ಒಳಗಿನ ನಾಯಿ ಗಂಟಲು ಹರಿಯುವಂತೆ ಬೊಗಳುತ್ತದೆ, ಬೆಕ್ಕು ಇಳಿದು ಓಡುತ್ತದೆ. ನಾಯಿಯ ಲೆಕ್ಕದಲ್ಲಿ ಬೊಗಳಿದ್ದಕ್ಕೆ ಫಲ ಸಿಕ್ಕಿತು. ನಾಳೆ ಇನ್ನೂ ಬೇಗ, ಇನ್ನೂ ಜೋರಾಗಿ ಬೊಗಳುತ್ತದೆ. ಅಟ್ಟಿಸಿಕೊಂಡು ಹೋಗುವ ಅವಕಾಶ ಸಿಕ್ಕರಂತೂ ಅದಕ್ಕಿಂತ ದೊಡ್ಡ ಬಹುಮಾನ ಇನ್ನೊಂದಿಲ್ಲ. ನಿಮ್ಮ ಕೈಯಲ್ಲಿರುವ ಯಾವ ತಿನಿಸೂ ಅದಕ್ಕೆ ಸಾಟಿಯಾಗದು. ಹಾಗಾಗಿ ತರಬೇತಿಗೆ ಮೊದಲು ಆಗಬೇಕಾದ ಕೆಲಸ ಒಂದಿದೆ: ಇವೆರಡೂ ದಿಢೀರನೆ ಎದುರಾಗದಂತೆ ಜಾಗವನ್ನೂ ಹೊತ್ತನ್ನೂ ಬೇರೆ ಮಾಡುವುದು. ತಿಂಗಳುಗಟ್ಟಲೆ ಕಲಿಸಿದರೂ ನಾಯಿ ಸುಧಾರಿಸಲಿಲ್ಲ ಎನ್ನುವ ಮನೆಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗಿರುವುದು ಇದೇ.

ಬೆಕ್ಕನ್ನು ಓಡಿಸಿಬಿಟ್ಟರೆ ಸಾಕು ಎಂದೋ, ನಾಯಿಯನ್ನು ಗದರಿಸಿ ಸುಮ್ಮನಾಗಿಸಿದರೆ ಸಾಕು ಎಂದೋ ಒಂದೇ ಕಡೆಯಿಂದ ಹೊರಟರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಎರಡನ್ನೂ ಒಟ್ಟಿಗೇ ಹಿಡಿಯಬೇಕು.

ನಾಯಿಯನ್ನು ಅಂಗಳಕ್ಕೆ ಬಿಡುವ ಮೊದಲು

ಬಾಗಿಲು ತೆರೆದ ಕೂಡಲೇ ನಾಯಿ ಬಾಣದಂತೆ ಹೊರಗೆ ನುಗ್ಗುವ ಮನೆಯಲ್ಲೇ ಬೆಕ್ಕುಗಳು ಸಾಯುವುದು ಹೆಚ್ಚು. ಇದನ್ನು ಇಂದಿನಿಂದಲೇ ತಪ್ಪಿಸಬಹುದು. ಮೊದಲು ನೀವು ಒಬ್ಬರೇ ಹೊರಗೆ ಹೋಗಿ. ದೀಪ ಹಾಕಿ, ಬೀಗದ ಕೈ ಗೊಂಚಲನ್ನು ಅಲ್ಲಾಡಿಸಿ ಅಥವಾ ಗೇಟನ್ನು ಎರಡು ಸಲ ತಟ್ಟಿ, ಒಂದು ನಿಮಿಷ ಕಾಯಿರಿ. ಸದ್ದು ದಿನವೂ ಒಂದೇ ಆಗಿರಲಿ. ಕೆಲವೇ ದಿನಗಳಲ್ಲಿ ಬೆಕ್ಕುಗಳು ಆ ಸದ್ದಿಗೂ ನಾಯಿ ಬರುವುದಕ್ಕೂ ನಂಟು ಹಾಕಿಕೊಂಡು ತಾವಾಗಿಯೇ ಜಾಗ ಖಾಲಿ ಮಾಡುತ್ತವೆ. ಗಿಡದ ಬುಡ, ವಾಹನದ ಅಡಿ, ಸಾಮಾನು ಪೇರಿಸಿಟ್ಟ ಮೂಲೆ, ಈ ಮೂರು ಕಡೆ ಬಗ್ಗಿ ನೋಡಿ. ಆಮೇಲೆ ನಾಯಿಯನ್ನು ಲೀಶ್ (ಹಿಡಿದು ನಡೆಸುವ ಹಗ್ಗ) ಸಮೇತ ಕರೆತಂದು ಅಂಗಳದಲ್ಲಿ ಒಂದು ಸುತ್ತು ಹಾಕಿಸಿ, ಏನೂ ಇಲ್ಲವೆಂದು ಖಾತ್ರಿಯಾದ ಮೇಲಷ್ಟೇ ಬಿಚ್ಚಿ.

ಬೆಕ್ಕು ಸಿಕ್ಕಿಬೀಳುವುದು ಅದಕ್ಕೆ ಹೊರಗೆ ಹೋಗಲು ದಾರಿ ಇಲ್ಲದಾಗ. ಒಳಬರುವಾಗ ಹೊರಗಿನ ಮರ ಹತ್ತಿ ಗೋಡೆ ದಾಟಿ ಬರುತ್ತದೆ, ಹೊರಗೋಡುವಾಗ ಒಳಗಿನ ನುಣುಪು ಗೋಡೆ ಎದುರಾಗುತ್ತದೆ. ಅಂಗಳದ ಪ್ರತಿ ಮೂಲೆಯಲ್ಲೂ ಗೋಡೆಗೆ ಓರೆಯಾಗಿ ಒಂದು ಒರಟು ಹಲಗೆಯನ್ನೋ ಮರದ ದಿಮ್ಮಿಯನ್ನೋ ನಿಲ್ಲಿಸಿ, ಅಲುಗಾಡದಂತೆ ಕಟ್ಟಿ. ಅಗಲ 15 ಸೆಂಟಿಮೀಟರ್ ಇದ್ದರೆ ಸಾಕು. ನಾಯಿಗೂ ಹತ್ತಲು ಬರುವಷ್ಟು ಇಳಿಜಾರು ಬೇಡ. ಹೆಚ್ಚು ಕಡಿಮೆ ನೆಟ್ಟಗೇ ಇರಲಿ, ಉಗುರು ಕಚ್ಚಿಕೊಳ್ಳಲು ಹಳೆಯ ಗೋಣಿಚೀಲ ಸುತ್ತಿ ಮೊಳೆ ಹೊಡೆಯಿರಿ. ಬೆಕ್ಕು ಬರದಂತೆ ಮಾಡುವ ಬೇರೆಲ್ಲ ಕ್ರಮಗಳ ಜೊತೆಗೂ ಇದು ಇರಬೇಕು. ಒಳಗೆ ಬಂದುಬಿಟ್ಟ ಬೆಕ್ಕಿಗೆ ಹೊರದಾರಿ ಇಲ್ಲದಿದ್ದರೆ ಮುಂದೆ ಕಾದಿರುವುದು ಅನಾಹುತವೇ.

ಗೇಟಿನ ಬಳಿ ನಾಯಿ ನುಸುಳಿ ಬೀದಿಗೆ ಓಡುವ ಅಭ್ಯಾಸವಿದ್ದರೆ ಒಳಗಡೆ ಇನ್ನೊಂದು ಚಿಕ್ಕ ಗೇಟು ಹಾಕಿಸಿ, ಒಂದು ಮುಚ್ಚಿದ ಮೇಲೆ ಇನ್ನೊಂದು ತೆರೆಯುವಂತೆ. ಕಿಟಕಿಯಲ್ಲಿ ಕುಳಿತು ಬೀದಿ ಕಾಯುವ ನಾಯಿಗೆ ಗಾಜಿನ ಕೆಳಭಾಗಕ್ಕೆ ಮಬ್ಬು ಹಾಳೆ ಅಂಟಿಸಿ, ನಾಯಿ ಹಿಂಗಾಲಲ್ಲಿ ನಿಂತರೂ ಕಣ್ಣಿಗೆ ನಿಲುಕದಷ್ಟು ಎತ್ತರಕ್ಕೆ. ಇಷ್ಟು ಸಣ್ಣ ಬದಲಾವಣೆಯಿಂದಲೇ ದಿನದ ಬೊಗಳಾಟ ಎದ್ದು ಕಾಣುವಷ್ಟು ತಗ್ಗುತ್ತದೆ. ವಾಕಿಂಗಿನ ಹೊತ್ತನ್ನೂ ನೋಡಿಕೊಳ್ಳಿ: ಬೆಕ್ಕುಗಳು ಹೆಚ್ಚು ಓಡಾಡುವುದು ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ. ಬಿಸಿಲೇರದ ಬೆಳಗಿನ ಹೊತ್ತು ಅಥವಾ ರಾತ್ರಿ ಊಟದ ನಂತರದ ಹೊತ್ತು ಕೆರಳುವ ನಾಯಿಗೆ ಒಳ್ಳೆಯದು.

ಬರುತ್ತಿರುವುದು ಯಾವ ಬೆಕ್ಕು

ಇದು ತಿಳಿಯದೆ ಮುಂದಿನ ಹೆಜ್ಜೆ ಇಡಲಾಗದು. ಹತ್ತಿರ ಬಂದು ಮಿಯಾಂವ್ ಎನ್ನುವ, ಬಾಲ ನೆಟ್ಟಗೆ ಎತ್ತಿ ನಡೆಯುವ, ಮೈ ನಯವಾಗಿರುವ ಬೆಕ್ಕು ಯಾರದೋ ಸಾಕಿದ್ದಿರಬಹುದು, ಇಲ್ಲವೇ ಇತ್ತೀಚೆಗೆ ಬಿಟ್ಟುಹೋದದ್ದು. ನೆಲಕ್ಕೆ ಮೈ ಒತ್ತಿ ನಡೆಯುತ್ತ, ಕಣ್ಣಿಗೆ ಕಣ್ಣು ಸೇರಿಸದೆ, ಕತ್ತಲಲ್ಲಷ್ಟೇ ಬರುವುದು ಮನುಷ್ಯರ ನಡುವೆ ಬೆಳೆಯದ ಬೆಕ್ಕು. ಒಂದು ಕಿವಿಯ ತುದಿ ನೇರವಾಗಿ ಕತ್ತರಿಸಿದ್ದರೆ ಅದಕ್ಕೆ ಈಗಾಗಲೇ ಸಂತಾನಹರಣ ಆಗಿದೆ ಎಂದರ್ಥ. ಅದನ್ನು ಮತ್ತೆ ಹಿಡಿಯುವ ಅಗತ್ಯವಿಲ್ಲ.

ಸಾಕಿದ್ದೋ ಅಲ್ಲವೋ ಎಂಬ ಅನುಮಾನವಿದ್ದು, ಮುಟ್ಟಗೊಡುವ ಬೆಕ್ಕಾದರೆ, ತೆಳು ಕಾಗದದ ಪಟ್ಟಿಯ ಮೇಲೆ "ಈ ಬೆಕ್ಕು ನಿಮ್ಮದೇ? ದಯವಿಟ್ಟು ತಿಳಿಸಿ" ಎಂದು ಬರೆದು ನಿಮ್ಮ ದೂರವಾಣಿ ಸಂಖ್ಯೆಯೊಂದಿಗೆ ಕೊರಳಿಗೆ ಸಡಿಲವಾಗಿ ಸುತ್ತಿ ಅಂಟಿಸಿ. ಎಲ್ಲಿಗಾದರೂ ಸಿಕ್ಕಿಕೊಂಡರೆ ಹರಿದುಹೋಗುವಂಥ ಕಾಗದವೇ ಆಗಬೇಕು, ದಾರ ಬೇಡ. ಒಂದು ವಾರದಲ್ಲಿ ಉತ್ತರ ಬಾರದಿದ್ದರೆ ಪಶುವೈದ್ಯರಲ್ಲಿ ಮೈಕ್ರೋಚಿಪ್ (ಯಜಮಾನರ ಗುರುತಿಗೆ ಚರ್ಮದಡಿ ಇಡುವ ಪುಟ್ಟ ಚಿಪ್) ಇದೆಯೇ ಎಂದು ಪರೀಕ್ಷೆ ಮಾಡಿಸಿ. ಯಜಮಾನರು ಸಿಕ್ಕರೆ ದೂರಿನ ದನಿಯಲ್ಲಿ ಶುರು ಮಾಡಬೇಡಿ. "ನಮ್ಮ ನಾಯಿಗೆ ಬೆಕ್ಕು ಕಂಡರೆ ಆಗುವುದಿಲ್ಲ, ನಿಮ್ಮದಕ್ಕೆ ಏನಾದರೂ ಆದೀತೆಂದು ಭಯ, ನಾಯಿಯನ್ನು ಇಂಥ ಹೊತ್ತಿಗೆ ಹೊರಗೆ ಬಿಡುತ್ತೇವೆ" ಎಂದು ಹೇಳಿದರೆ ಆ ಹೊತ್ತಲ್ಲಿ ಬೆಕ್ಕನ್ನು ಒಳಗಿಟ್ಟುಕೊಳ್ಳಲು ಬಹಳ ಮಂದಿ ಒಪ್ಪುತ್ತಾರೆ.

ಅಂಗಳವನ್ನು ಬೆಕ್ಕಿಗೆ ಬೇಡವಾಗಿಸುವುದು

ಬೆಕ್ಕು ಬರುವುದು ತಿನ್ನಲು, ಅಡಗಿ ಮಲಗಲು, ಇಲ್ಲವೇ ಸಡಿಲ ಮಣ್ಣಿನಲ್ಲಿ ಹೊಲಸು ಮಾಡಲು. ನಾಯಿಯ ಊಟದ ತಟ್ಟೆ ಹೊರಗೇ ಉಳಿದಿದ್ದರೆ ಮಿಕ್ಕ ಯಾವ ಉಪಾಯವೂ ನಿಲ್ಲದು. ತಟ್ಟೆಯನ್ನು ಒಳಗೆ ತನ್ನಿ, ಕಸದ ಡಬ್ಬಿಗೆ ಬಿಗಿಯಾದ ಮುಚ್ಚಳ ಹಾಕಿ, ಇಲಿ ಸೇರುವ ಹಳೆ ಸಾಮಾನಿನ ರಾಶಿಯನ್ನು ತೆಗೆಯಿರಿ. ಮೆಟ್ಟಿಲ ಕೆಳಗೆ, ಶೆಡ್ಡಿನ ಅಡಿಯಲ್ಲಿ ಸಂದುಗಳಿದ್ದರೆ ಜಾಲರಿ ಹೊಡೆಯುವ ಮುನ್ನ ಒಳಗೆ ಮರಿಗಳಿಲ್ಲವೆಂದು ಖಚಿತ ಮಾಡಿಕೊಳ್ಳಿ: ಸಂದಿನ ಬಾಯಿಗೆ ಹಿಟ್ಟು ಉದುರಿಸಿಟ್ಟು ಎರಡು ರಾತ್ರಿ ಹೆಜ್ಜೆ ಗುರುತು ನೋಡಿ, ಟಾರ್ಚ್ ಹಿಡಿದು ಇಣುಕಿ, ಕಿವಿಗೊಟ್ಟು ಕೇಳಿ. ತಾಯಿ ಹೊರಗುಳಿದು ಮರಿಗಳು ಒಳಗೆ ಸಿಕ್ಕಿ ಸಾಯುವುದು ಇಂಥ ಅವಸರದ ಮುಚ್ಚುವಿಕೆಯಿಂದಲೇ.

ಹೂವಿನ ಪಾತಿಗೆ ಅತ್ಯುತ್ತಮ ಉಪಾಯವೆಂದರೆ ಜಾಲರಿ. 2.5ರಿಂದ 5 ಸೆಂಟಿಮೀಟರ್ ಕಣ್ಣಿನ ಕೋಳಿ ಜಾಲರಿಯನ್ನು ಮಣ್ಣಿನ ಮೇಲೆ ಹಾಸಿ, ಅಂಚುಗಳನ್ನು ಒಳಗೆ ಮಡಚಿ, ಕಂಬಿಯ ಕೊಕ್ಕೆಯಿಂದ ನೆಲಕ್ಕೆ ಚುಚ್ಚಿ, ಮೇಲೆ ಒಂದೆರಡು ಸೆಂಟಿಮೀಟರ್ ಮಣ್ಣು ಎಳೆಯಿರಿ. ಗಿಡ ಬೆಳೆಯುತ್ತದೆ, ಬೆಕ್ಕಿಗೆ ಕೆರೆಯಲು ಆಗುವುದಿಲ್ಲ. ಜಾಲರಿ ಬೇಡವಾದರೆ ಮುಷ್ಟಿಗಾತ್ರದ ಉರುಟು ಕಲ್ಲುಗಳನ್ನು ಒತ್ತೊತ್ತಾಗಿ ಜೋಡಿಸಿ. ಮಣ್ಣನ್ನು ಸದಾ ಒದ್ದೆಯಾಗಿಟ್ಟರೂ ಸ್ವಲ್ಪ ಮಟ್ಟಿಗೆ ನಡೆಯುತ್ತದೆ, ಏಕೆಂದರೆ ಅವು ಹುಡುಕುವುದು ಒಣ ಪುಡಿಮಣ್ಣನ್ನು. ಬರೀ ತಡೆದರೆ ಸಾಲದು, ಬದಲಿ ಕೊಡಬೇಕು. ನಾಯಿ ಹೋಗದ ಕಡೆ, ಗೋಡೆಯಾಚೆ ಸಾಧ್ಯವಾದರೆ ಇನ್ನೂ ಒಳ್ಳೆಯದು, ಒಂದು ಮೀಟರ್ ಉದ್ದಗಲದ ಜಾಗಕ್ಕೆ 15 ಸೆಂಟಿಮೀಟರ್ ಆಳ ಒಣ ಮರಳು ತುಂಬಿಸಿ. ದಿನವೂ ಕೈಗವಸು ಹಾಕಿಕೊಂಡು ಹೊಲಸು ಎತ್ತಿ ಹಾಕಿ. ಬೆಕ್ಕಿನ ಮಲದಲ್ಲಿರಬಹುದಾದ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಸೂಕ್ಷ್ಮಜೀವಿ ಸೋಂಕು ಹರಡುವ ಸ್ಥಿತಿಗೆ ಬರಲು ಸಾಮಾನ್ಯವಾಗಿ 1ರಿಂದ 5 ದಿನ ಬೇಕು. ದಿನನಿತ್ಯ ತೆಗೆದರೆ ಅಪಾಯ ಬಹಳ ಕಡಿಮೆ. ಆದರೂ ಗರ್ಭಿಣಿಯರು ಈ ಕೆಲಸವನ್ನು ಬೇರೆಯವರಿಗೆ ಬಿಡಬೇಕು.

ಗೋಡೆಯ ವಿಷಯಕ್ಕೆ ಬಂದರೆ, ಒಂದೂವರೆ ಮೀಟರ್ ಎತ್ತರವನ್ನು ಆರೋಗ್ಯವಂತ ಬೆಕ್ಕು ನಿಂತಲ್ಲಿಂದಲೇ ಹಾರುತ್ತದೆ. ಇನ್ನಷ್ಟು ಎತ್ತರಿಸುವ ಬದಲು ಗೋಡೆಯ ತಲೆಯ ಮೇಲೆ ಹಿಡಿತ ಸಿಗದಂತೆ ಮಾಡುವುದು ಜಾಣತನ. ಸಣ್ಣ ಪ್ಲಾಸ್ಟಿಕ್ ಪೈಪಿನೊಳಗೆ ಗಟ್ಟಿ ಕಂಬಿ ಎಳೆದು, ಅದರ ಮೇಲೆ 7ರಿಂದ 10 ಸೆಂಟಿಮೀಟರ್ ದಪ್ಪದ ಇನ್ನೊಂದು ಪೈಪ್ ತೂರಿಸಿ, ಕಂಬಿಯನ್ನು ಎರಡೂ ತುದಿಯಲ್ಲಿ ಕೊಂಡಿಗೆ ಬಿಗಿಯಿರಿ. ಬೆಕ್ಕು ಮುಂಗಾಲು ಇಟ್ಟ ಕೂಡಲೇ ಹೊರಪೈಪ್ ಉರುಳುತ್ತದೆ, ಹಿಡಿತ ತಪ್ಪಿ ಬಂದ ಕಡೆಗೇ ಇಳಿಯುತ್ತದೆ. ಇಲ್ಲಿ ಎಡವುವುದು ಎರಡು ಕಡೆ: ಪೈಪಿಗೂ ಗೋಡೆಗೂ ನಡುವೆ ಕಾಲೂರುವಷ್ಟು ಸಂದು ಬಿಡುವುದು, ಮತ್ತು ಕಂಬಿ ಸಡಿಲವಾಗಿ ಪೈಪ್ ಜೋತು ತಿರುಗದೆ ನಿಲ್ಲುವುದು. ಎರಡು ಮೀಟರಿಗೊಂದು ಆಧಾರ ಕೊಡಿ. ಒಳಗಿನ ಓರೆ ಹಲಗೆಗಳ ಮೇಲೆ ಮಾತ್ರ ಪೈಪ್ ಬೇಡ, ಅದು ಹೊರಹೋಗುವ ದಾರಿ.

ಚಲನೆ ಕಂಡೊಡನೆ ನೀರು ಚಿಮ್ಮುವ ಯಂತ್ರ ಬೆಕ್ಕಿಗೆ ನೋವು ಮಾಡದೆ ಚೆನ್ನಾಗಿ ಕೆಲಸ ಮಾಡುತ್ತದೆ. ಅದನ್ನು ಎರಡು ವಾರ ಬಿಡದೆ ಚಾಲೂ ಇಟ್ಟು, ಆಗಾಗ ಜಾಗ ಬದಲಿಸಿ. ನಾಯಿ ಹೊರಗಿರುವಾಗ ಆಫ್ ಮಾಡಿ, ಇಲ್ಲವಾದರೆ ಅದಕ್ಕೇ ಹೆದರಿಕೆ ಹಿಡಿದೀತು. ಕೇಳಿಸದ ಶಬ್ದ ಹೊಮ್ಮಿಸುವ ಅಲ್ಟ್ರಾಸೋನಿಕ್ ಡಬ್ಬಿಗಳ ಮೇಲೆ ನಮಗೆ ಅಷ್ಟು ಭರವಸೆಯಿಲ್ಲ, ನಾಯಿ ಇರುವ ಮನೆಗಂತೂ ಬೇಡವೇ ಬೇಡ. ಮನುಷ್ಯರಿಗೆ ಸುಮಾರು 20 ಕಿಲೋಹರ್ಟ್ಸ್‌ವರೆಗಿನ ಸದ್ದು ಕೇಳಿಸಿದರೆ, ನಾಯಿಗೆ ಸುಮಾರು 45, ಬೆಕ್ಕಿಗೆ ಸುಮಾರು 64 ಕಿಲೋಹರ್ಟ್ಸ್‌ವರೆಗೆ ಕೇಳಿಸುತ್ತದೆ. ಬೆಕ್ಕಿಗೆಂದು ತಂದದ್ದು ನಿಮ್ಮ ನಾಯಿಯ ಕಿವಿಯನ್ನೂ ದಿನವಿಡೀ ಕೊರೆಯುತ್ತಿರುತ್ತದೆ. ಮೊದಲೇ ಸಿಡಿಮಿಡಿಗೊಳ್ಳುವ ನಾಯಿ ಇನ್ನಷ್ಟು ಹದಗೆಡುತ್ತದೆ.

ಬಳಸಲೇಬಾರದವು ಕೆಲವಿವೆ. ಡಾಂಬರು ಗುಳಿಗೆ (ನ್ಯಾಫ್ತಲೀನ್) ಬೆಕ್ಕು ನಾಯಿ ಎರಡಕ್ಕೂ ವಿಷ. ಮೆಣಸಿನ ಪುಡಿ ಪಾದಕ್ಕೆ ಅಂಟಿ, ನೆಕ್ಕಿದಾಗ ಬಾಯಿಗೆ, ಒರೆಸಿಕೊಂಡಾಗ ಕಣ್ಣಿಗೆ ಹೋಗುತ್ತದೆ. ಟೀ ಟ್ರೀ ಎಣ್ಣೆಯಂಥ ಸುಗಂಧ ತೈಲಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ. ಕಾಫಿ ಪುಡಿಯಲ್ಲಿರುವ ಕೆಫೀನ್ ನಾಯಿಗೆ ಅಪಾಯಕಾರಿ. ಇಲಿ ಪಾಷಾಣ ತಿಂದ ಇಲಿಯನ್ನು ಬೆಕ್ಕೋ ನಾಯಿಯೋ ತಿಂದರೆ ಅದರ ಗತಿಯೂ ಅಷ್ಟೇ. ಇನ್ನೊಂದು, ಬಹಳ ಜನರ ಗಮನಕ್ಕೆ ಬಾರದ್ದು: ನಾಯಿಯ ಬೆನ್ನಿಗೆ ಉಣ್ಣೆ ಹುಳುವಿಗೆಂದು ಹಾಕುವ ಕೆಲವು ಹನಿ ಔಷಧಗಳಲ್ಲಿ ಪರ್ಮೆಥ್ರಿನ್ ಇರುತ್ತದೆ. ನಾಯಿಗೆ ಅದು ಸರಿ, ಬೆಕ್ಕಿಗೆ ನಡುಕ, ಸೆಳೆತ ತರಿಸಿ ಕೊಲ್ಲುವಷ್ಟು ವಿಷ. ಮನೆಯೊಳಗೆ ಬೆಕ್ಕೂ ಇದ್ದರೆ, ಅಥವಾ ಅಂಗಳದ ಬೆಕ್ಕು ನಾಯಿ ಮಲಗುವ ಗೋಣಿಯ ಮೇಲೆ ಮಲಗುತ್ತಿದ್ದರೆ, ಪೊಟ್ಟಣದ ಮೇಲಿನ ಹೆಸರು ಓದಿ ಬೇರೆ ಔಷಧ ಕೇಳಿ ಪಡೆಯಿರಿ.

ಗಂಡು ಬೆಕ್ಕು ಬಾಗಿಲಿಗೆ, ಗೋಡೆಗೆ ಉಚ್ಚೆ ಚಿಮ್ಮಿಸಿದ್ದರೆ ಎಂಜೈಮ್ ಇರುವ ಶುಚಿದ್ರವದಿಂದ ತೊಳೆದು ಒಣಗಲು ಬಿಡಿ. ಅಮೋನಿಯಾ ಇರುವ ದ್ರವ ಉಚ್ಚೆಯಂತೆಯೇ ನಾರುವುದರಿಂದ ಬೆಕ್ಕು ಮತ್ತೆ ಅಲ್ಲಿಗೇ ಬರುತ್ತದೆ. ಬ್ಲೀಚು ಉಚ್ಚೆಯೊಂದಿಗೆ ಸೇರಿದರೆ ಉಸಿರಿಗೆ ಕೆಟ್ಟ ಅನಿಲ ಹುಟ್ಟುತ್ತದೆ.

ಊಟದ ಜಾಗ ಸರಿಸುವುದು, ಸಂತಾನಹರಣ ಮಾಡಿಸುವುದು

ಅಕ್ಕಪಕ್ಕದಲ್ಲಿ ಯಾರೋ ಬೆಕ್ಕುಗಳಿಗೆ ಊಟ ಹಾಕುತ್ತಿದ್ದರೆ ಅವರ ವಿರೋಧ ಕಟ್ಟಿಕೊಳ್ಳಬೇಡಿ. ನಿಮಗೆ ಅವರಷ್ಟು ಉಪಯೋಗಕ್ಕೆ ಬರುವವರು ಬೇರೆ ಯಾರೂ ಇಲ್ಲ: ಬೆಕ್ಕುಗಳೆಷ್ಟು, ಯಾವುದು ಗಬ್ಬ, ಯಾವುದು ಮರಿ ಹಾಕಿದೆ ಎಲ್ಲವೂ ಅವರಿಗೆ ಗೊತ್ತು. ಊಟದ ಜಾಗ ನಿಮ್ಮ ಗೇಟಿಗೆ ಹತ್ತಿರವಿದ್ದರೆ ದಿನಕ್ಕೆ ಒಂದೆರಡು ಮೀಟರಿನಂತೆ ದೂರ ಸರಿಸಲು ಕೇಳಿಕೊಳ್ಳಿ. ಒಮ್ಮೆಗೇ ಎತ್ತಿ ದೂರ ಇಟ್ಟರೆ ಬೆಕ್ಕುಗಳು ಹಳೆಯ ಜಾಗದಲ್ಲೇ ಕಾದು ಕೂರುತ್ತವೆ. ದಿನಕ್ಕೆ ಒಂದೇ ಹೊತ್ತು, ಒಂದೇ ಸಮಯಕ್ಕೆ ಹಾಕಿ, ಅರ್ಧ ಗಂಟೆಯಲ್ಲಿ ತಟ್ಟೆ ಎತ್ತಿದರೆ ಬೆಕ್ಕುಗಳು ಇಡೀ ದಿನ ಅಲ್ಲಿ ಸುಳಿಯುವುದು ನಿಲ್ಲುತ್ತದೆ, ಯಾವುದು ಊಟ ಬಿಟ್ಟಿದೆ, ಯಾವುದಕ್ಕೆ ಕಾಯಿಲೆ ಎಂಬುದೂ ಕಾಣುತ್ತದೆ. ನಾಯಿಯ ವಾಕಿಂಗ್ ಹೊತ್ತನ್ನು ಅದಕ್ಕೆ ಹೊಂದಿಸಿಕೊಳ್ಳಿ.

ಬೆಕ್ಕುಗಳನ್ನು ಹಿಡಿದು ದೂರ ಬಿಟ್ಟುಬರುವುದು ಪರಿಹಾರವಲ್ಲ. ಗುರುತಿಲ್ಲದ ಜಾಗದಲ್ಲಿ ಅವು ನೀರು, ಆಸರೆ ಸಿಗದೆ, ಅಲ್ಲಿನ ಬೆಕ್ಕುಗಳ ಕೈಯಲ್ಲಿ ಏಟು ತಿಂದು, ವಾಹನಕ್ಕೆ ಸಿಕ್ಕಿ ಸಾಯುತ್ತವೆ. ಇಲ್ಲಿ ಖಾಲಿಯಾದ ಜಾಗಕ್ಕೆ ಹೊಸವು ಬರುತ್ತವೆ. ಹಿಡಿದು, ಶಸ್ತ್ರಚಿಕಿತ್ಸೆ ಮಾಡಿಸಿ, ರೇಬೀಸ್ ಲಸಿಕೆ ಹಾಕಿಸಿ, ಹಿಡಿದಲ್ಲಿಗೇ ಮರಳಿ ಬಿಡುವುದು ಕೆಲಸ ಮಾಡುವ ದಾರಿ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು, ಗಬ್ಬದ ಅವಧಿ ಒಂಬತ್ತು ವಾರ, ಮರಿಗೆ ಹಾಲೂಡಿಸುತ್ತಿರುವಾಗಲೇ ಮತ್ತೆ ಗಬ್ಬ ಕಟ್ಟಬಹುದು. ಒಂದೆರಡನ್ನು ಮಾಡಿಸಿ ಕೈಬಿಟ್ಟರೆ ವರ್ಷದೊಳಗೆ ಸಂಖ್ಯೆ ಮೊದಲಿನಷ್ಟೇ ಆಗಿರುತ್ತದೆ. ಗುಂಪಿನ ಎಲ್ಲವನ್ನೂ ಮುಗಿಸುವ ಲೆಕ್ಕ ಹಾಕಿಕೊಂಡೇ ಶುರು ಮಾಡಿ. ಗಂಡಿಗೆ ಮಾಡಿಸಿದರೆ ಕಾದಾಟ, ರಾತ್ರಿಯ ಕೂಗು, ಅಲೆದಾಟ ತಗ್ಗುತ್ತವೆ, ಉಚ್ಚೆ ಚಿಮ್ಮಿಸುವುದು ಹತ್ತರಲ್ಲಿ ಸುಮಾರು ಒಂಬತ್ತು ಬೆಕ್ಕುಗಳಲ್ಲಿ ನಿಲ್ಲುತ್ತದೆ ಅಥವಾ ಬಹಳ ಕಡಿಮೆಯಾಗುತ್ತದೆ. ನಿಮ್ಮ ಮನೆಯ ಗೋಡೆ ಹತ್ತಿ ಬರುವವುಗಳಲ್ಲಿ ಮೊದಲಿಗ ಬಹುಶಃ ಈ ಅಲೆಮಾರಿ ಗಂಡೇ.

ಬೆಕ್ಕು ಹಿಡಿಯುವ ಬೋನಿನ ಉದ್ದ 75ರಿಂದ 90 ಸೆಂಟಿಮೀಟರ್ ಇರಲಿ. ಮೊದಲು ಒಂದು ವಾರ ಬಾಗಿಲನ್ನು ತೆರೆದಂತೆಯೇ ತಂತಿಯಿಂದ ಕಟ್ಟಿ, ಊಟವನ್ನು ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಒಳಗೆ ಸರಿಸುತ್ತ ಅದರಲ್ಲೇ ಇಡಿ. ಪಶುವೈದ್ಯರ ದಿನ ನಿಗದಿಯಾದ ಮೇಲಷ್ಟೇ ಹಿಡಿಯುವ ದಿನ. ಹಿಂದಿನ ರಾತ್ರಿಯಿಂದ ಊಟ ನಿಲ್ಲಿಸಿ, ನೀರು ಇರಲಿ. ಚಿಕ್ಕ ಮರಿಗಳನ್ನು ಮಾತ್ರ ಹೀಗೆ ಹಸಿದಿಡಬಾರದು. ಬೋನಿನ ತಳಕ್ಕೆ ದಪ್ಪ ಹಾಳೆ ಹಾಸಿ, ವಾಸನೆ ಜೋರಾದ ಮೀನನ್ನು ಒಂದು ಚಮಚದಷ್ಟು, ತುಳಿದೊಡನೆ ಬಾಗಿಲು ಬೀಳಿಸುವ ತಗಡಿನಿಂದ ಆಚೆ, ತೀರ ಹಿಂದೆ ಇಡಿ. ತಗಡಿನ ಮೇಲೆಯೇ ಇಟ್ಟರೆ ಬೆಕ್ಕು ಅರ್ಧ ದೇಹ ಹೊರಗಿರುವಾಗಲೇ ಬಾಗಿಲು ಬಾಲದ ಮೇಲೆ ಬೀಳುತ್ತದೆ. ಬೋನು ಅಲುಗಾಡದ ಸಮತಟ್ಟು ನೆಲ ನೋಡಿ. ಬಿರುಬಿಸಿಲಲ್ಲಿ, ಮಳೆಯಲ್ಲಿ ಬೇಡ. ಕಣ್ಣಳತೆಯಲ್ಲೇ ಇರಿ, ಬೋನಿಟ್ಟು ಮಲಗಲು ಹೋಗುವುದು ಕ್ರೌರ್ಯ. ಬಾಗಿಲು ಬಿದ್ದ ಕ್ಷಣ ದಪ್ಪ ಬಟ್ಟೆಯಿಂದ ಇಡೀ ಬೋನನ್ನು ಮುಚ್ಚಿ. ಬಟ್ಟೆ ತಡವಾದಷ್ಟೂ ಬೆಕ್ಕು ಕಂಬಿಗೆ ಮೂತಿ ಬಡಿದುಕೊಂಡು ಗಾಯ ಮಾಡಿಕೊಳ್ಳುತ್ತದೆ, ಕತ್ತಲಾದರೆ ಬೇಗ ಸುಮ್ಮನಾಗುತ್ತದೆ. ಮೊಲೆ ಊದಿ ಸುತ್ತಲಿನ ಕೂದಲು ಉದುರಿದ್ದರೆ ಅದು ಹಾಲೂಡಿಸುವ ತಾಯಿ: ಮರಿಗಳೆಲ್ಲಿ ಎಂದು ಮೊದಲು ಹುಡುಕಿ, ವೈದ್ಯರಿಗೆ ತಿಳಿಸಿ, ಪೂರ್ತಿ ಎಚ್ಚರವಾದ ಕೂಡಲೇ ಮರಿಗಳ ಬಳಿ ಬಿಡಿ.

ಕಿವಿತುದಿ ಕತ್ತರಿಸುವುದು ಅರಿವಳಿಕೆಯಲ್ಲಿರುವಾಗಲೇ, ದೊಡ್ಡ ಬೆಕ್ಕಿಗೆ ಸುಮಾರು ಒಂದು ಸೆಂಟಿಮೀಟರ್. ದೂರದಿಂದ ಕಾಣುವ ಗುರುತು ಇದೊಂದೇ, ಬೇಡ ಎನ್ನಬೇಡಿ. ಚಿಕಿತ್ಸೆಯ ನಂತರ ಗಂಡನ್ನು ಒಂದು ದಿನ, ಹೆಣ್ಣನ್ನು ಎರಡು ದಿನ ಮುಚ್ಚಿದ ಬೋನಿನಲ್ಲಿ ಬೆಚ್ಚಗಿನ, ನಾಯಿಯ ಸದ್ದು ಕೇಳದ ಕೋಣೆಯಲ್ಲಿಡಿ. ರಕ್ತ ಒಸರುವುದು, ಊಟ ಮುಟ್ಟದಿರುವುದು ಕಂಡರೆ ವೈದ್ಯರನ್ನು ಕೇಳದೆ ಬಿಡಬೇಡಿ. ಪ್ಯಾರಸಿಟಮಾಲ್ ಬೆಕ್ಕಿಗೆ ಪ್ರಾಣಾಂತಿಕ, ನೋವಿಗೆಂದು ಅದನ್ನು ಎಂದೂ ಕೊಡಬೇಡಿ. ಬಿಡುವಾಗ ಬೋನಿನ ಬಾಯಿ ರಸ್ತೆಗೆ ಬೆನ್ನು ಮಾಡಿರಲಿ.

ನಾಯಿಯ ಕಡೆಯ ಕೆಲಸ

ಮೊದಲು ನಾಯಿ ಯಾವ ಬಗೆಯದೆಂದು ನೋಡಿ. ಬೊಗಳುತ್ತ ಮುಂದೆ ನುಗ್ಗಿ, ಬೆಕ್ಕು ತಿರುಗಿ ನಿಂತರೆ ಎರಡು ಹೆಜ್ಜೆ ಹಿಂದೆ ಸರಿಯುವುದು ಅಂಜಿಕೆಯಿಂದಲೋ ಲೀಶಿನ ಹತಾಶೆಯಿಂದಲೋ ಕೆರಳುವ ನಾಯಿ. ಸದ್ದೇ ಮಾಡದೆ, ಬಾಯಿ ಮುಚ್ಚಿ, ಮೈ ತಗ್ಗಿಸಿ, ರೆಪ್ಪೆ ಬಡಿಯದೆ ನೋಡುತ್ತ, ಒಂದು ಮುಂಗಾಲು ಎತ್ತಿ ನಡುಗುತ್ತ ನಿಲ್ಲುವುದು ಬೇಟೆಗೆ ನಿಂತ ನಾಯಿ. ಜನ ಗದ್ದಲ ಮಾಡುವ ನಾಯಿಗೆ ಹೆದರುತ್ತಾರೆ, ಬೆಕ್ಕಿಗೆ ನಿಜವಾದ ಅಪಾಯ ಈ ಮೌನದ ನಾಯಿಯಿಂದ. ಮೊದಲನೆಯದಕ್ಕೆ ಕೆಳಗಿನ ಅಭ್ಯಾಸ ಚೆನ್ನಾಗಿ ಹಿಡಿಯುತ್ತದೆ. ಎರಡನೆಯದು ಸುಧಾರಿಸುತ್ತದೆ, ಆದರೆ ಬೆಕ್ಕಿರುವ ಕಡೆ ಲೀಶ್ ಇಲ್ಲದೆ ಬಿಡುವ ದಿನ ಬರುವುದಿಲ್ಲ ಎಂದೇ ಇಟ್ಟುಕೊಳ್ಳಿ. ಮನೆಯ ಬೆಕ್ಕಿನ ಜೊತೆ ಒಂದೇ ಚಾಪೆಯ ಮೇಲೆ ಮಲಗುವ ನಾಯಿ ಬೀದಿಯ ಬೆಕ್ಕನ್ನು ಕೊಲ್ಲಬಲ್ಲದು. ಒಂದನ್ನು ನೋಡಿ ಇನ್ನೊಂದನ್ನು ನಂಬಬೇಡಿ.

ಶಾಂತವಾಗಿದ್ದ ನಾಯಿ ಇತ್ತೀಚೆಗಷ್ಟೇ ಕೆರಳಲು ಶುರುವಾಗಿದ್ದರೆ ತರಬೇತಿಗೆ ಮೊದಲು ವೈದ್ಯರ ಬಳಿ ಹೋಗಿ. ಕಿವಿ, ಹಲ್ಲು, ಸೊಂಟದ ಕೀಲಿನ ನೋವು ಎಷ್ಟೋ ಸಲ ಸಿಡುಕಾಗಿ ಹೊರಬರುತ್ತದೆ.

ಎದೆಯ ಮೇಲೆ ಇಂಗ್ಲಿಷಿನ ವೈ ಅಕ್ಷರದಂತೆ ಕೂರುವ, ಮುಂದೆಯೂ ಬೆನ್ನಿನ ಮೇಲೂ ಕೊಂಡಿಯಿರುವ ಹಾರ್ನೆಸ್ (ಮೈಗೆ ತೊಡಿಸುವ ಪಟ್ಟಿ), ಎರಡು ಮೀಟರಿನ ಸಾದಾ ಲೀಶ್ ಬೇಕು. ತಾನಾಗಿ ಉದ್ದವಾಗಿ ಸುತ್ತಿಕೊಳ್ಳುವ ಲೀಶ್ ಬೇಡ: ನಾಯಿ ಪೂರ್ತಿ ವೇಗ ಪಡೆದ ಮೇಲೆ ಜಗ್ಗು ಬೀಳುತ್ತದೆ, ಹಿಡಿ ಕೈಯಿಂದ ಹಾರುತ್ತದೆ. ತೆರೆದ ಬಯಲಿಗೆ 5ರಿಂದ 10 ಮೀಟರಿನ ಉದ್ದ ಹಗ್ಗ ಬಳಸಿದರೆ ಅದನ್ನು ಬೆನ್ನಿನ ಕೊಂಡಿಗೆ ಮಾತ್ರ ಸಿಕ್ಕಿಸಿ, ಕೊರಳಿಗೆ ಎಂದೂ ಬೇಡ, ಕೈಗೂ ಸುತ್ತಿಕೊಳ್ಳಬೇಡಿ. ಮುಳ್ಳಿನ ಪಟ್ಟಿ, ಶಾಕ್ ಕೊಡುವ ಪಟ್ಟಿ, ಜಗ್ಗಿ ಹೊಡೆಯುವುದು ಬೆಕ್ಕಿನ ವಿಷಯದಲ್ಲಿ ತಿರುಗುಬಾಣ. ಬೆಕ್ಕು ಕಂಡಾಗಲೆಲ್ಲ ಕೊರಳಿಗೆ ನೋವಾದರೆ ಬೆಕ್ಕೇ ನೋವಿನ ಮೂಲವೆಂದು ನಾಯಿ ತಿಳಿಯುತ್ತದೆ. ಗುರುಗುಟ್ಟಿದ್ದಕ್ಕೆ ಬೈದರೆ ಗುರುಗುಟ್ಟುವುದನ್ನು ಬಿಟ್ಟು ಮುನ್ಸೂಚನೆಯಿಲ್ಲದೆ ಕಚ್ಚುವುದನ್ನು ಕಲಿಯುತ್ತದೆ.

ಅಭ್ಯಾಸದ ಜೀವಾಳ ದೂರ. ಕೂತಿರುವ ಬೆಕ್ಕನ್ನು 30 ಮೀಟರ್ ದೂರದಿಂದ ತೋರಿಸಿ. ನಾಯಿ ಕಿವಿ ನೆಟ್ಟಗೆ ಮಾಡಿ ನೋಡಿತು, ಎರಡು ಮೂರು ಸೆಕೆಂಡಿನಲ್ಲಿ ನಿಮ್ಮ ಕಡೆ ತಿರುಗಿ ತಿನಿಸು ತೆಗೆದುಕೊಂಡಿತು ಎಂದರೆ ದೂರ ಸರಿಯಿದೆ. ನೋಟ ಕೀಳದಿದ್ದರೆ, ಹೆಸರು ಕರೆದರೂ ಕಿವಿ ಅಲುಗದಿದ್ದರೆ, ತಿನಿಸನ್ನು ಉಗುಳಿದರೆ ಅಥವಾ ಬೆರಳೂ ಸೇರಿ ಕಚ್ಚುವಂತೆ ಕಸಿದುಕೊಂಡರೆ ಹತ್ತಿರವಾಯಿತು. ಅಲ್ಲಿ ಏನನ್ನೂ ಕಲಿಸಲು ಹೋಗದೆ ದೂರ ಇಮ್ಮಡಿ ಮಾಡಿ.

ದೂರ ಸಿಕ್ಕ ಮೇಲೆ ಕ್ರಮ ಹೀಗೆ. ನಾಯಿ ಬೆಕ್ಕನ್ನು ನೋಡಿದ ಕ್ಷಣಕ್ಕೆ "ಹೂಂ" ಎನ್ನಿ, ಒಂದೆರಡು ಸೆಕೆಂಡಿನೊಳಗೆ ಬಟಾಣಿ ಗಾತ್ರದ, ಉಪ್ಪು ಮಸಾಲೆಯಿಲ್ಲದ ಬೇಯಿಸಿದ ಮಾಂಸದ ತುಣುಕನ್ನು ನಿಮ್ಮ ಮೊಣಕಾಲ ಬಳಿ ಕೊಡಿ. ಬೆಕ್ಕು ಕಾಣುತ್ತಿರುವಷ್ಟು ಹೊತ್ತು ತುಣುಕಿನ ಮೇಲೆ ತುಣುಕು. ಬೆಕ್ಕು ಮರೆಯಾದೊಡನೆ ತಿನಿಸೂ ಬಂದ್. ಒಂದು ಸಲಕ್ಕೆ 30–40 ತುಣುಕು, ಐದರಿಂದ ಹತ್ತು ನಿಮಿಷ, ವಾರಕ್ಕೆ ಮೂರು ಸಲ ಸಾಕು. ತಿನಿಸಿನಷ್ಟನ್ನು ಆ ದಿನದ ಊಟದಲ್ಲಿ ಕಡಿಮೆ ಮಾಡಿ. ಹತ್ತು ಸಲದಲ್ಲಿ ಎಂಟು ಸಲ ನಾಯಿ ಬೆಕ್ಕನ್ನು ನೋಡಿ ತಾನಾಗಿಯೇ ನಿಮ್ಮತ್ತ ತಿರುಗಿದರೆ ಮುಂದಿನ ಸಲ ಒಂದೆರಡು ಮೀಟರ್ ಹತ್ತಿರ ಹೋಗಿ. "ಕೂರು" ಎಂದು ಒತ್ತಾಯಿಸಬೇಡಿ, ಅಲುಗಾಡದೆ ಕೂತ ನಾಯಿ ಒಳಗೊಳಗೇ ಬಿಗಿಯಾಗುತ್ತ ಹೋಗುತ್ತದೆ.

ಇಲ್ಲಿ ಕೆಡುವುದು ಹೆಚ್ಚಾಗಿ ಕೈಯ ಅವಸರದಿಂದ. ನಾಯಿ ಬೆಕ್ಕನ್ನು ನೋಡುವ ಮೊದಲೇ ನಿಮ್ಮ ಕೈ ತಿನಿಸಿನ ಚೀಲಕ್ಕೆ ಹೋದರೆ ಚೀಲದ ಸದ್ದೇ ಬೆಕ್ಕು ಬಂದ ಸುಳಿವಾಗುತ್ತದೆ, ನಾಯಿ ಸುತ್ತಲೂ ಹುಡುಕಲು ಶುರು ಮಾಡುತ್ತದೆ. ತಿನಿಸನ್ನು ಮೂಗಿಗೆ ಹಿಡಿದು ಬೆಕ್ಕಿನ ಪಕ್ಕದಲ್ಲೇ ಎಳೆದುಕೊಂಡು ಹೋದರೆ ಕಲಿಕೆಯೇ ಆಗಿರುವುದಿಲ್ಲ, ತಿನಿಸು ಮುಗಿದ ಕ್ಷಣ ತಲೆ ಎತ್ತಿ ಎದುರಿಗೇ ಬೆಕ್ಕು. ಲೀಶನ್ನು ಬಿಗಿ ಹಿಡಿದರೆ ನಿಮ್ಮ ಗಾಬರಿ ಅದರ ಮೈಗೆ ಇಳಿಯುತ್ತದೆ. ಇನ್ನು, ಕೂತ ಬೆಕ್ಕು ಬೇರೆ, ಓಡುವ ಬೆಕ್ಕು ಬೇರೆ: 10 ಮೀಟರಿನಲ್ಲಿ ಕೂತದ್ದನ್ನು ಸಹಿಸುವ ನಾಯಿ, ಅದೇ ಎದ್ದು ಓಡಿದರೆ 30 ಮೀಟರಿನಲ್ಲೂ ನುಗ್ಗಬಹುದು. ಬೆಕ್ಕನ್ನು ಹಿಡಿದು, ಕಟ್ಟಿ, ಗೂಡಿನಲ್ಲಿಟ್ಟು ನಾಯಿಗೆ ತೋರಿಸುವುದನ್ನು ಮಾತ್ರ ಮಾಡಬೇಡಿ. ಓಡಲಾಗದ ಬೆಕ್ಕಿಗೆ ಅದು ಹಿಂಸೆ.

ಬೀದಿಯಲ್ಲಿ ದಿಢೀರನೆ ಬೆಕ್ಕು ಎದುರಾದಾಗ ಬೇಕಾಗುವುದು ಹಿಂದಿರುಗುವ ಅಭ್ಯಾಸ. ಮನೆಯೊಳಗೆ ನಡೆಯುತ್ತ "ಬಾ ಹಿಂದೆ" ಎಂದು ಹೇಳಿ ಪೂರ್ತಿ ತಿರುಗಿ, ಮೂರು ಹೆಜ್ಜೆ ಚುರುಕಾಗಿ ನಡೆದು ತಿನಿಸು ಕೊಡಿ. ದಿನಕ್ಕೆ ಹತ್ತು ಸಲ, ಒಂದು ವಾರ ಮನೆಯಲ್ಲಿ, ಆಮೇಲೆ ಅಂಗಳದಲ್ಲಿ, ಆಮೇಲೆ ಖಾಲಿ ಬೀದಿಯಲ್ಲಿ. ಬೆಕ್ಕಿನ ಎದುರೇ ಮೊದಲ ಸಲ ಹೇಳಿದರೆ ಅದು ನಾಯಿಯ ಕಿವಿಗೇ ಬೀಳದು. ತಿರುಗಿ ಬಂದ ಮೇಲೆ ಒಂದು ಹಿಡಿ ತಿನಿಸನ್ನು ಹುಲ್ಲಿನಲ್ಲಿ ಚೆಲ್ಲಿ. ಮೂಗು ನೆಲಕ್ಕಿಳಿದು ಹುಡುಕುತ್ತಿದ್ದಂತೆ ಉಸಿರಾಟ ಹದಕ್ಕೆ ಬರುತ್ತದೆ. ಒಮ್ಮೆ ಪೂರ್ತಿ ಕೆರಳಿದ ನಾಯಿಗೆ ಮುಂದಿನ ಒಂದೆರಡು ದಿನ ಸಣ್ಣ ಸದ್ದೂ ಸಾಕು. ಆ ದಿನಗಳಲ್ಲಿ ಬೆಕ್ಕಿಲ್ಲದ ದಾರಿ, ಮೂಸುತ್ತ ನಿಧಾನ ನಡಿಗೆ, ಸಾಕಷ್ಟು ನಿದ್ದೆ ಇಷ್ಟೇ ಇರಲಿ.

ಬಾಸ್ಕೆಟ್ ಮಝಲ್ (ಬುಟ್ಟಿಯಂಥ ಬಾಯಿಕುಕ್ಕೆ) ಬೇಟೆಯ ನಾಯಿಗೆ ಕಡ್ಡಾಯವೆಂದೇ ನಮ್ಮ ಅಭಿಪ್ರಾಯ. ಬಾಯಿ ಅಗಲಿಸಿ ತೇಕಲು, ನೀರು ಕುಡಿಯಲು, ತಿನಿಸು ತೆಗೆದುಕೊಳ್ಳಲು ಆಗುವಷ್ಟು ಆಳವಿರಬೇಕು, ಮೂಗಿನ ತುದಿಗೂ ಬುಟ್ಟಿಗೂ ನಡುವೆ ಸುಮಾರು ಒಂದು ಸೆಂಟಿಮೀಟರ್ ಜಾಗವಿರಬೇಕು. ಬಟ್ಟೆಯ ಬಿಗಿ ಮಝಲ್ ಹಾಕಿ ಓಡಾಡಿಸಿದರೆ ತೇಕಲಾಗದೆ ಮೈ ಕಾದು ನಾಯಿ ಕುಸಿಯಬಹುದು. ಮೊದಲು ಬುಟ್ಟಿಯೊಳಗೆ ತಿನಿಸು ಹಾಕಿ ತಾನಾಗಿ ಮೂತಿ ತೂರಿಸಲು ಬಿಡಿ. ಎರಡು ಮೂರು ದಿನದ ನಂತರ ಮೂತಿ ಒಳಗಿರುವಾಗ ಐದು ಸೆಕೆಂಡ್, ಹತ್ತು ಸೆಕೆಂಡ್ ತಿನಿಸುತ್ತ ಹೋಗಿ, ಆಮೇಲೆ ಪಟ್ಟಿಯನ್ನು ಮುಟ್ಟಿ, ಆಮೇಲೆ ಸಿಕ್ಕಿಸಿ ಕೂಡಲೇ ಬಿಚ್ಚಿ. ಪಂಜದಿಂದ ಕಿತ್ತುಕೊಳ್ಳಲು ನೋಡಿದರೆ ಅವಸರವಾಯಿತು, ಒಂದು ಹೆಜ್ಜೆ ಹಿಂದಕ್ಕೆ ಹೋಗಿ. ಎರಡು ವಾರವಾದರೂ ಹಿಡಿಯುತ್ತದೆ. ಮಝಲ್ ಇದ್ದರೂ ದೊಡ್ಡ ನಾಯಿ ಗುದ್ದಿ, ತುಳಿದು ಬೆಕ್ಕನ್ನು ಗಾಯಗೊಳಿಸಬಲ್ಲದು, ಲೀಶ್ ಬಿಡಬೇಡಿ.

ಎರಡು ಮೂರು ತಿಂಗಳು ಸರಿಯಾಗಿ ಮಾಡಿದರೂ ದೂರ ಕಿಂಚಿತ್ತೂ ಕಡಿಮೆಯಾಗದಿದ್ದರೆ, ನಾಯಿ ಮನೆಯಲ್ಲೂ ನಿದ್ದೆಗೆಟ್ಟು ಅಡ್ಡಾಡುತ್ತಿದ್ದರೆ, ವೈದ್ಯರೊಂದಿಗೆ ಔಷಧದ ಮಾತಾಡಿ. ಆತಂಕ ತಗ್ಗಿಸುವ ಫ್ಲುಯೊಕ್ಸೆಟಿನ್‌ನಂಥ ಮಾತ್ರೆಗಳ ಪರಿಣಾಮ ಕಾಣಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ, ನಡುವೆ ತಾವಾಗಿ ನಿಲ್ಲಿಸಬಾರದು, ಅಭ್ಯಾಸವನ್ನೂ ಬಿಡಬಾರದು.

ಕಚ್ಚಾಟವೇ ಆಗಿಬಿಟ್ಟರೆ

ನಡುವೆ ಕೈ ಹಾಕಬೇಡಿ. ಹೆದರಿದ ಬೆಕ್ಕನ್ನು ಎತ್ತಿಕೊಂಡರೆ ಅದು ನಿಮ್ಮ ಮುಖಕ್ಕೇ ಏರುತ್ತದೆ, ನಾಯಿಯೂ ನಿಮ್ಮ ಮೇಲೆಯೇ ಹಾರುತ್ತದೆ. ದಪ್ಪ ಕಂಬಳಿಯನ್ನು ಎರಡರ ಮೇಲೂ ಎಸೆಯಿರಿ, ಅಥವಾ ಬಕೆಟ್ ನೀರನ್ನು ನಾಯಿಯ ಮುಖಕ್ಕೆ ಎರಚಿ, ನಡುವೆ ಹಲಗೆಯನ್ನೋ ಕುರ್ಚಿಯನ್ನೋ ತೂರಿಸಿ. ನಾಯಿಯ ಬಾಯಲ್ಲಿ ಬೆಕ್ಕು ಸಿಕ್ಕಿದ್ದರೆ ಬೆಕ್ಕನ್ನು ಎಳೆಯಲೇಬೇಡಿ, ಎಳೆದಷ್ಟೂ ಚರ್ಮ ಮಾಂಸ ಹರಿಯುತ್ತದೆ. ಹಿಂದಿನಿಂದ ನಾಯಿಯ ಹಾರ್ನೆಸ್ ಹಿಡಿದು ತಲೆ ಒದರಲಾಗದಂತೆ ಅಲುಗಾಡದೆ ನಿಲ್ಲಿಸಿ, ಬಾಯಿ ಸಡಿಲಿಸಿದ ಕ್ಷಣಕ್ಕೆ ಹಿಂದಕ್ಕೆಳೆದು ಕೋಣೆಗೆ ಹಾಕಿ.

ಬೆಕ್ಕಿನ ಮೇಲೆ ಎರಡು ಚಿಕ್ಕ ತೂತುಗಳಷ್ಟೇ ಕಂಡರೂ ಒಳಗೆ ಪಕ್ಕೆಲುಬು ಮುರಿದಿರಬಹುದು, ಕರುಳು ಶ್ವಾಸಕೋಶಕ್ಕೆ ಪೆಟ್ಟಾಗಿರಬಹುದು. ಟವೆಲಿನಲ್ಲಿ ಸುತ್ತಿ, ಗಾಳಿಯಾಡುವ ಪೆಟ್ಟಿಗೆಯಲ್ಲಿಟ್ಟು ಆಗಲೇ ವೈದ್ಯರಲ್ಲಿಗೆ ಒಯ್ಯಿರಿ. ನಾಯಿ ಒಂದು ಕಣ್ಣು ಕಿರಿದು ಮಾಡುತ್ತಿದ್ದರೆ, ಕಣ್ಣಲ್ಲಿ ನೀರು ಸುರಿಯುತ್ತಿದ್ದರೆ ಉಗುರು ಕರಿಗುಡ್ಡೆಗೆ ತಾಗಿರಬಹುದು, ಅದನ್ನೂ ಅದೇ ದಿನ ತೋರಿಸಬೇಕು.

ನಿಮಗೆ ಕಚ್ಚಿದ ಅಥವಾ ಪರಚಿದ ಗಾಯವಾಗಿದ್ದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಗಡಿಯಾರ ನೋಡಿ 15 ನಿಮಿಷ ತೊಳೆಯಿರಿ, ಪೊವಿಡೋನ್ ಅಯೋಡಿನ್ ಹಚ್ಚಿ, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದು ಬೇಕೇ ಎಂದು ಕೇಳಿ. ಬೆಕ್ಕಿನ ಹಲ್ಲು ಸೂಜಿಯಂತೆ ಆಳಕ್ಕಿಳಿಯುವುದರಿಂದ ಮೇಲೆ ತೂತು ಕೂಡಲೇ ಮುಚ್ಚಿಕೊಂಡು ಒಳಗೆ ಕೀವು ಕಟ್ಟುತ್ತದೆ. ಬೆರಳಿಗೋ ಮಣಿಕಟ್ಟಿಗೋ ಕಚ್ಚಿ, 12ರಿಂದ 24 ಗಂಟೆಯೊಳಗೆ ಕೆಂಪೇರಿ ಊದಿಕೊಂಡರೆ ಮತ್ತೆ ವೈದ್ಯರ ಬಳಿ ಹೋಗುವುದನ್ನು ಮರುದಿನಕ್ಕೆ ತಳ್ಳಬೇಡಿ.